ಹದಿನೆಂಟು ದಾಖಲೆ, ಕೊಟ್ಟುಬಿಟ್ಟ ಒಂದು ಪದಕ

ಶಾಲೆಗೆ ಹಾಕ್ಕೊಂಡು ಹೋಗ್ತಿದ್ದ ಬಾಟಾ ಶೂ ನೆನಪಿದೆ ಅಲ್ವಾ? ಆ ಕಂಪನಿಯ ತವರು ಅಂದಿನ ಚೆಕೊಸ್ಲೊವಾಕಿಯಾದ ಜ್ಲೀನ್ ಪಟ್ಟಣ. ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನನ್ನು ಬಲವಂತವಾಗಿ ಓಟದ ಸ್ಪರ್ಧೆಗೆ ಕಳಿಸಿದರು. ಒಲ್ಲದ ಮನಸ್ಸಿನಿಂದಲೇ ಓಡಿದ, ಎರಡನೆಯವನಾಗಿ ಬಂದ. ಆ ಹುಡುಗನೇ ಎಮಿಲ್ ಝಾಟೊಪೆಕ್.

ಅವರು ಓಡುವುದು ನೋಡೋಕೆ ಚೆನ್ನಾಗಿರಲಿಲ್ಲ. ತಲೆ ವಾಲುತ್ತಿತ್ತು, ಮುಖ ಕಿವುಚಿಕೊಂಡಿರುತ್ತಿತ್ತು. ಆದರೆ ಅಭ್ಯಾಸ ಹೇಗಿತ್ತು ಗೊತ್ತಾ? 400 ಮೀಟರ್ ಜೋರಾಗಿ ಓಡೋದು, ಸ್ವಲ್ಪ ನಿಧಾನಿಸೋದು, ಮತ್ತೆ 400 ಮೀಟರ್. ಹೀಗೆ ದಿನಕ್ಕೆ ಹತ್ತಾರು ಸಲ. ಸೇನೆಗೆ ಸೇರಿದ ಮೇಲೆ ಬೂಟು ಹಾಕ್ಕೊಂಡೂ ಓಡ್ತಿದ್ರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಚಿನ್ನ, 5,000 ಮೀಟರ್ ಬೆಳ್ಳಿ. 1951ರಲ್ಲಿ ಒಂದು ಗಂಟೆಯೊಳಗೆ 20 ಕಿಲೋಮೀಟರ್ ದಾಟಿದ ಜಗತ್ತಿನ ಮೊದಲ ಓಟಗಾರ. ಆಮೇಲೆ ಬಂತು 1952ರ ಹೆಲ್ಸಿಂಕಿ. ಜುಲೈ 20ಕ್ಕೆ 10,000 ಮೀಟರ್ ಗೆದ್ದರು. 24ಕ್ಕೆ 5,000 ಮೀಟರ್, ಅದೂ ಕೊನೆಯ ತಿರುವಿನಲ್ಲಿ ಮೂವರನ್ನು ಹಿಂದೆ ಹಾಕಿ. ಅದೇ ದಿನ ಅವರ ಪತ್ನಿ ಡಾನಾ ಜಾವೆಲಿನ್ ಎಸೆತದಲ್ಲಿ ಚಿನ್ನ ಗೆದ್ದರು. 27ಕ್ಕೆ ಮ್ಯಾರಥಾನ್. ಅದಕ್ಕೂ ಮುಂಚೆ ಅವರು ಒಂದೇ ಒಂದು ಮ್ಯಾರಥಾನ್ ಓಡಿರಲಿಲ್ಲ! ಅದನ್ನೂ ಎರಡೂವರೆ ನಿಮಿಷಗಳ ಅಂತರದಲ್ಲಿ ಗೆದ್ದರು. ಎಂಟು ದಿನ, ಮೂರು ಚಿನ್ನ, ಮೂರರಲ್ಲೂ ಒಲಿಂಪಿಕ್ ದಾಖಲೆ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಇನ್ನೊಬ್ಬರಿಲ್ಲ.

1954ರಲ್ಲಿ ಬ್ರಸೆಲ್ಸ್‌ನಲ್ಲಿ 10,000 ಮೀಟರನ್ನು 28 ನಿಮಿಷ 54.2 ಸೆಕೆಂಡಿನಲ್ಲಿ ಮುಗಿಸಿದರು. 29 ನಿಮಿಷದೊಳಗೆ ಓಡಿದವರಲ್ಲಿ ಅವರೇ ಮೊದಲಿಗರು. ಒಟ್ಟು ವಿಶ್ವದಾಖಲೆಗಳು 18.

ನಾನು ಬಿಕಾಂ ಓದಿದವನು, ಕೊನೆಗೆ ಏನು ಉಳಿಯಿತು ಅಂತ ನೋಡೋದು ಅಭ್ಯಾಸ. ಈ ಲೆಕ್ಕದಲ್ಲಿ ಆ ಹದಿನೆಂಟೂ ಉಳಿದಿಲ್ಲ, ಎಲ್ಲವನ್ನೂ ಬೇರೆಯವರು ಮುರಿದಿದ್ದಾರೆ. ಹಾಗೆ ಬಂದವರಲ್ಲಿ ಒಬ್ಬರು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್. 1965ರಲ್ಲಿ ಅದೇ 10,000 ಮೀಟರನ್ನು 28 ನಿಮಿಷದೊಳಗೆ ಮೊದಲು ಓಡಿದವರು ಅವರು. ಆದರೆ ಒಲಿಂಪಿಕ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದು 1964ರ ಒಂದು ಕಂಚು ಮಾತ್ರ.

1966ರಲ್ಲಿ ಕ್ಲಾರ್ಕ್ ಪ್ರಾಗ್‌ಗೆ ಬಂದಿದ್ದರು. ವಾಪಸ್ ಹೊರಡುವಾಗ ಝಾಟೊಪೆಕ್ ಅವರ ಕೈಗೊಂದು ಸಣ್ಣ ಪೊಟ್ಟಣ ಇಟ್ಟರು. ಆಮೇಲೆ ಬಿಚ್ಚಿ ನೋಡಿದರೆ, ಹೆಲ್ಸಿಂಕಿಯ 10,000 ಮೀಟರ್ ಚಿನ್ನದ ಪದಕ! ಕ್ಲಾರ್ಕ್ ತಾವಾಗಿ ಒಲಿಂಪಿಕ್ ಚಿನ್ನ ಗೆಲ್ಲಲೇ ಇಲ್ಲ.

ಎರಡು ವರ್ಷದ ನಂತರ, 1968ರಲ್ಲಿ, ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಸುಧಾರಣೆಯ ಪರ ನಿಂತಿದ್ದ ಝಾಟೊಪೆಕ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಪಕ್ಷದಿಂದಲೂ ಸೇನೆಯಿಂದಲೂ ಹೊರಹಾಕಿದರು. ಕರ್ನಲ್ ಆಗಿದ್ದವರು ವರ್ಷಗಟ್ಟಲೆ ನೆಲ ಕೊರೆಯುವ ತಂಡದಲ್ಲಿ ದುಡಿದರು. 2000ದಲ್ಲಿ ತೀರಿಕೊಂಡರು.

ದಾಖಲೆಗಳನ್ನು ಬೇರೆಯವರು ಮುರಿದರು, ಹುದ್ದೆಯನ್ನು ಸರ್ಕಾರ ಕಿತ್ತುಕೊಂಡಿತು. ಪದಕ ಮಾತ್ರ ಅವರಾಗೇ ಕೊಟ್ಟಿದ್ದು. ಅದಕ್ಕೇ ಅವರ ಸಾಧನೆಯ ಪಟ್ಟಿ ಓದುವಾಗ ನಾನು ಅದನ್ನೂ ಸೇರಿಸಿಕೊಳ್ತೀನಿ. ನೀವೇನಂತೀರಿ? ಮುಂದಿನ ಸಂಚಿಕೆಯಲ್ಲಿ ಸಿಗೋಣ.