ಅಭ್ಯಾಸಕ್ಕೆ ಅಂಕ ಕೊಡದ ಊರು

1913ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಪ್ರಾಧ್ಯಾಪಕರು ಒಂದು ಸಣ್ಣ ಕಿತಾಪತಿ ಮಾಡಿದರು. ಒಬ್ಬನೇ ವಿದ್ಯಾರ್ಥಿಯ ಒಂದೇ ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಗಣಿತ ಶಿಕ್ಷಕರಿಗೆ ಕಳಿಸಿ, ಅಂಕ ಹಾಕಿ ಕೊಡಿ ಎಂದರು. ನೂರಕ್ಕೆ 28 ಕೊಟ್ಟವರೂ ಇದ್ದರು, 90 ದಾಟಿಸಿದವರೂ ಇದ್ದರು. ಅದಕ್ಕೆ ಮೊದಲು ಇಂಗ್ಲಿಷ್ ಪತ್ರಿಕೆಯ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ, ‘ಅದು ಭಾಷೆ, ಹಾಗಾಗುವುದು ಸಹಜ’ ಎನ್ನಬಹುದಿತ್ತು. ಗಣಿತಕ್ಕೆ ಆ ನೆಪ ಇರಲಿಲ್ಲ. ಒಬ್ಬರು ಉತ್ತರ ಮಾತ್ರ ನೋಡಿದ್ದರು, ಇನ್ನೊಬ್ಬರು ಕ್ರಮವನ್ನು, ಮತ್ತೊಬ್ಬರು ಕೈಬರಹವನ್ನೂ ಅಚ್ಚುಕಟ್ಟನ್ನೂ. ಅಂಕ ಒಂದೇ, ಅದು ಅಳೆದದ್ದು ಬೇರೆ ಬೇರೆ.

ಹೋಂವರ್ಕಿನ ಜಗಳ ಅದಕ್ಕೂ ಹಳೆಯದು. 1900ರಲ್ಲೇ ಎಡ್ವರ್ಡ್ ಬಾಕ್ ಎಂಬ ಸಂಪಾದಕ ತನ್ನ ಮಹಿಳಾ ಪತ್ರಿಕೆಯಲ್ಲಿ ಅದನ್ನು ಮಕ್ಕಳ ಮೇಲಿನ ಅಪರಾಧವೆಂದೇ ಕರೆದು ಬರೆದಿದ್ದ. ಮರುವರ್ಷ ಕ್ಯಾಲಿಫೋರ್ನಿಯಾ ಹದಿನೈದು ವರ್ಷದೊಳಗಿನವರಿಗೆ ಹೋಂವರ್ಕ್ ಬೇಡವೆಂದು ಕಾನೂನೇ ಮಾಡಿತು. ಆದರೆ ಬೇಕೋ ಬೇಡವೋ ಎಂಬ ಈ ವಾದ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಮಾಡಿದ ಅಭ್ಯಾಸವನ್ನು ಅಂಕದಲ್ಲಿ ಸೇರಿಸಬೇಕೇ ಎನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಗಟ್ಟಿಯಾಗಿ ‘ಇಲ್ಲ’ ಎಂದ ಊರು ವಿನೆಟ್ಕಾ.

ಶಿಕಾಗೋದ ಉತ್ತರಕ್ಕೆ, ಮಿಶಿಗನ್ ಸರೋವರದ ದಡದಲ್ಲಿರುವ ಅನುಕೂಲಸ್ಥರ ಊರು ಅದು. 1919ರಲ್ಲಿ ಕಾರ್ಲ್‌ಟನ್ ವಾಶ್‌ಬರ್ನ್ ಅಲ್ಲಿನ ಶಾಲೆಗಳ ಮುಖ್ಯಾಧಿಕಾರಿಯಾಗಿ ಬಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರೆಡರಿಕ್ ಬರ್ಕ್ ಬಳಿ ಪಳಗಿದ್ದವನು. ಇಡೀ ತರಗತಿ ಒಂದೇ ವೇಗದಲ್ಲಿ ಲೆಕ್ಕ ಕಲಿಯಬೇಕೆಂಬುದನ್ನೇ ಅವನು ಕೈಬಿಟ್ಟ. ಅಂಕಗಣಿತವನ್ನು ಸಣ್ಣ ಸಣ್ಣ ಗುರಿಗಳಾಗಿ ಒಡೆದು, ಪ್ರತಿ ಮಗುವಿಗೂ ಗುರಿಗಳ ಒಂದು ಕಾರ್ಡು ಕೊಟ್ಟರು. ಅಭ್ಯಾಸದ ಪುಸ್ತಕದಲ್ಲಿ ಉತ್ತರಗಳೂ ಇರುತ್ತಿದ್ದವು. ಮಗು ಲೆಕ್ಕ ಮಾಡಿ, ತಾನೇ ತಾಳೆ ನೋಡಿ, ತಾನೇ ತಿದ್ದಿಕೊಳ್ಳಬೇಕು. ಸಿದ್ಧನಾಗಿದ್ದೇನೆ ಅನ್ನಿಸಿದರೆ ಮೊದಲು ತಾನೇ ಒಂದು ಪೂರ್ವಪರೀಕ್ಷೆ ತೆಗೆದುಕೊಳ್ಳುವುದು, ಆಮೇಲೆ ಶಿಕ್ಷಕರು ಕೊಡುವ ನಿಜವಾದ ಪರೀಕ್ಷೆ. ಅದರಲ್ಲಿ ಎಲ್ಲವೂ ಸರಿಯಾಗಬೇಕು. ಆಗದಿದ್ದರೆ ಎಡವಿದ ಜಾಗದಲ್ಲಿ ಮತ್ತೆ ಅಭ್ಯಾಸ, ಮತ್ತೆ ಪರೀಕ್ಷೆ. ಆದರೆ ಕಾರ್ಡಿನಲ್ಲಿ ಅಂಕವಿಲ್ಲ, ಕಲಿತ ದಿನದ ತಾರೀಖು ಮಾತ್ರ. ಎಷ್ಟು ಸಲ ಎಡವಿದ ಎಂಬುದು ಅಲ್ಲಿ ಕಾಣುವುದಿಲ್ಲ. ಒಂದೇ ಮಗು ಓದಿನಲ್ಲಿ ಆರನೆಯ ತರಗತಿಯ ಮಟ್ಟದಲ್ಲೂ ಲೆಕ್ಕದಲ್ಲಿ ನಾಲ್ಕನೆಯದರಲ್ಲೂ ಇರಬಹುದಿತ್ತು.

ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಟೆಸ್ಟ್ ಪಾಸಾಗುವ ಮುನ್ನ ಎಷ್ಟು ಸಲ ಫೇಲಾಯಿತೆಂದು ಲೆಕ್ಕ ಹಾಕಿ, ಸರಾಸರಿ ತೆಗೆದು ಗ್ರಾಹಕನಿಗೆ ಯಾರೂ ಕಳಿಸುವುದಿಲ್ಲ.

ಆಕ್ಷೇಪಗಳೂ ಬಂದವು. ಗಣಿತವನ್ನು ಹೀಗೆ ತುಂಡು ತುಂಡು ಮಾಡಿದರೆ ಅದು ಬದುಕಿನಿಂದ ದೂರವಾಗುತ್ತದೆ ಎಂಬ ಧಾಟಿಯಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ ಟೀಕಿಸಿದ. ಅದರಲ್ಲಿ ತಥ್ಯವಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ದುಡಿಮೆಯ ಸಮಸ್ಯೆ. ಪುಸ್ತಕ, ಕಾರ್ಡು, ಮರುಪರೀಕ್ಷೆ ಎಲ್ಲವನ್ನೂ ಶಿಕ್ಷಕರೇ ಕೂತು ತಯಾರಿಸಬೇಕಿತ್ತು. ವಿನೆಟ್ಕಾಕ್ಕೆ ಅದು ಸಾಧ್ಯವಿತ್ತು. ಅರವತ್ತು ಮಕ್ಕಳ ಕೋಣೆಗೆ?

1968ರಲ್ಲಿ ಇದೇ ವಿಚಾರಕ್ಕೆ ಮರುಜೀವ ಕೊಟ್ಟವನು ಬೆಂಜಮಿನ್ ಬ್ಲೂಮ್. ಸಮಯ ಮತ್ತು ಸಹಾಯ ಸಿಕ್ಕರೆ ಬಹುಪಾಲು ಮಕ್ಕಳು ಪೂರ್ತಿ ಕಲಿಯಬಲ್ಲರು, ಪಾಠದ ನಡುವಿನ ಪರೀಕ್ಷೆ ಅಂಕಕ್ಕಲ್ಲ, ದೋಷ ಹುಡುಕುವುದಕ್ಕೆ ಎಂದ. ಬ್ಲೂಮ್ ಹೆಸರು ನಮಗೆ ಹೊಸದಲ್ಲ. 1950ರ ದಶಕದ ಕೊನೆಯಲ್ಲೇ ಅವನು ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದ್ದ. ನಮ್ಮಲ್ಲಿ ಬಿ.ಎಡ್. ಮಾಡಿದ ಯಾರನ್ನೇ ಕೇಳಿ, ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂದು ಪ್ರಶ್ನೆಪತ್ರಿಕೆಯ ನೀಲನಕ್ಷೆ ಒಪ್ಪಿಸುತ್ತಾರೆ. ಪ್ರಶ್ನೆಪತ್ರಿಕೆ ತಯಾರಿಸುವ ಬ್ಲೂಮ್‌ನನ್ನು ನಾವು ಇಟ್ಟುಕೊಂಡೆವು. ಮತ್ತೊಂದು ಅವಕಾಶ ಕೊಡಿ ಎಂದ ಬ್ಲೂಮ್ ಬಿ.ಎಡ್. ಪುಸ್ತಕದಾಚೆ ಬರಲಿಲ್ಲ.

ಹೋಂವರ್ಕಿನ ಬಗ್ಗೆ ನಮ್ಮವರೂ ಯೋಚಿಸಿಲ್ಲ ಎಂದಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಶಾಲಾ ಚೀಲದ ಭಾರದ ಬಗ್ಗೆ ಮಾತಾಡಿದ್ದರು. 1993ರಲ್ಲಿ ಯಶಪಾಲ್ ಸಮಿತಿ ವರದಿ ಕೊಟ್ಟಿತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಹಿರಿಯ ಪ್ರಾಥಮಿಕದಲ್ಲಿ ಅಗತ್ಯವಿದ್ದರೆ ಪಠ್ಯಪುಸ್ತಕಕ್ಕೆ ಅಂಟಿಕೊಳ್ಳದಂಥದ್ದು ಇರಲಿ ಎಂಬುದು ಅದರ ಸಲಹೆ.

ಆಮೇಲೆ 2009ರಲ್ಲಿ ಸಿಬಿಎಸ್‌ಇಯ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. ನಾಲ್ಕು ರೂಪಣಾತ್ಮಕ ಪರೀಕ್ಷೆಗಳಿಗೆ ಶೇಕಡಾ 40, ಎರಡು ಸಂಕಲನಾತ್ಮಕಕ್ಕೆ 60. ಉದ್ದೇಶ ಒಳ್ಳೆಯದೇ. ಆದರೆ ದೋಷ ಹುಡುಕಲಿಕ್ಕೆಂದು ಹುಟ್ಟಿದ ಪರೀಕ್ಷೆಗೆ ಶೇಕಡಾವಾರು ತೂಕ ಕಟ್ಟಿದ ಕೂಡಲೇ ಅದು ಇನ್ನೊಂದು ಪರೀಕ್ಷೆಯಾಯಿತು, ಹೋಂವರ್ಕೂ ಪ್ರಾಜೆಕ್ಟೂ ಅಂಕದ ಕಣಜ ಸೇರಿದವು. 2017ರಲ್ಲಿ ಆ ಪದ್ಧತಿ ಹೋಗಿ, ಆರರಿಂದ ಒಂಬತ್ತನೆಯ ತರಗತಿಗೆ 20 ಮತ್ತು 80ರ ಲೆಕ್ಕ ಬಂತು. ಆಗ ಆ 20ರಲ್ಲಿ ನೋಟ್‌ಬುಕ್ಕಿಗೇ 5 ಇತ್ತು: ಕ್ರಮಬದ್ಧತೆ, ಕೊಟ್ಟ ಕೆಲಸ ಮುಗಿಸಿದ್ದು, ಅಚ್ಚುಕಟ್ಟುತನ.

ಐದು ಅಂಕ ಏನು ಮಹಾ ಎನ್ನಬಹುದು. ಇಲ್ಲಿ ಪುಣೆಯ ನಮ್ಮ ಸೊಸೈಟಿಯಲ್ಲಿ ನೋಟ್‌ಬುಕ್ ಒಪ್ಪಿಸುವ ಹಿಂದಿನ ರಾತ್ರಿ ನೋಡಬೇಕು. ಏಳನೆಯ ತರಗತಿಯ ಹುಡುಗಿ ಭಿನ್ನರಾಶಿಯ ಕೂಡುವಿಕೆಯಲ್ಲಿ ಛೇದಗಳನ್ನೂ ಕೂಡಿಸಿಬಿಟ್ಟ ಪುಟವನ್ನು ಮೆಲ್ಲಗೆ ಹರಿದು, ಗೆಳತಿಯ ಪುಸ್ತಕ ನೋಡಿ, ನೀಲಿ ಇಂಕಿನಲ್ಲಿ ಅಂದವಾಗಿ ಮತ್ತೆ ಬರೆಯುತ್ತಾಳೆ. ಶಿಕ್ಷಕಿ ನಿಜಕ್ಕೂ ನೋಡಬೇಕಾಗಿದ್ದ ಪುಟ ಕಸದ ಬುಟ್ಟಿಯಲ್ಲಿರುತ್ತದೆ.