ಡೆನಾರಿಯಸ್‌ನಿಂದ ದೀನಾರ್‌ವರೆಗೆ



ಪವಿತ್ರ ಕುರ್‌ಆನ್‌ನ ಆಲಿ ಇಮ್ರಾನ್ ಅಧ್ಯಾಯದಲ್ಲಿ ಬರುವ ‘ದೀನಾರ್’ ಪದದ ಮೂಲ ರೋಮನ್ನರ ಬೆಳ್ಳಿ ನಾಣ್ಯ ‘ಡೆನಾರಿಯಸ್’ ಎಂಬುದು ನಿಮಗೆ ಗೊತ್ತೇ?

ರೋಮಿನ ಟಂಕಸಾಲೆಯಲ್ಲಿ ಎಲ್ಲವೂ ಕೈಕೆಲಸ. ಗೊತ್ತಾದ ತೂಕದ ಬೆಳ್ಳಿಯ ಬಿಲ್ಲೆಯನ್ನು ಚಿತ್ರ ಕೆತ್ತಿದ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಲವಾಗಿ ಹೊಡೆಯುತ್ತಿದ್ದರು. ಒಂದು ಬದಿಗೆ ಚಕ್ರವರ್ತಿಯ ಮುಖ ಮೂಡುತ್ತಿತ್ತು. ಅಗಸ್ಟಸ್‌ನ ಕಾಲದಲ್ಲಿ 16 ತಾಮ್ರದ ‘ಆಸ್’ಗೆ ಒಂದು ಡೆನಾರಿಯಸ್; 25 ಡೆನಾರಿಯಸ್‌ಗೆ ಒಂದು ಚಿನ್ನದ ‘ಆರಿಯಸ್’.

ಆದರೆ ಖಜಾನೆ ಬರಿದಾದಂತೆ ಅರಸರು ಅಡ್ಡದಾರಿ ಹಿಡಿದರು. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದನು. ನಂತರ ಬಂದವರಲ್ಲಿ ಹಲವರು ಅದನ್ನೇ ಮುಂದುವರಿಸಿದರು. 270ರ ಹೊತ್ತಿಗೆ ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ ಐದು ಭಾಗವೂ ಬೆಳ್ಳಿ ಇರಲಿಲ್ಲ. ಜನ ಹಳೆಯ ಒಳ್ಳೆಯ ನಾಣ್ಯಗಳನ್ನು ಬಚ್ಚಿಟ್ಟರು, ಬೆಲೆಗಳು ಏರಿದವು. 301ರಲ್ಲಿ ಡಯೊಕ್ಲೀಶಿಯನ್ ಗರಿಷ್ಠ ಬೆಲೆ ಗೊತ್ತುಮಾಡಿ, ಮೀರಿದವರಿಗೆ ಮರಣದಂಡನೆ ಎಂದು ಸಾರಿದರೂ ಫಲಿಸಲಿಲ್ಲ.

ಬಳಿಕ ಕಾನ್‌ಸ್ಟಂಟೈನ್ ತಂದ ಅಪ್ಪಟ ಚಿನ್ನದ ‘ಸಾಲಿಡಸ್’ ಮಾತ್ರ ಶತಮಾನಗಳ ಕಾಲ ಜನರ ನಂಬಿಕೆ ಉಳಿಸಿಕೊಂಡಿತು. ಖಲೀಫಾ ಅಬ್ದುಲ್ ಮಲಿಕ್ ಮೊದಲು ಅದರ ಮಾದರಿಯಲ್ಲೇ ದೀನಾರ್ ಹೊರಡಿಸಿ, ಹಿಜರಿ 77ರಲ್ಲಿ ಚಿತ್ರದ ಬದಲು ಬರಹ ಕೆತ್ತಿಸಿದರು.

ಅಳತೆ-ತೂಕದಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಕೊಟ್ಟಿರುವ ಎಚ್ಚರಿಕೆ ಅಂಗಡಿಕಾರನಿಗಷ್ಟೇ ಅಲ್ಲ, ಅರಸನಿಗೂ ಸಲ್ಲುತ್ತದೆ. ರೋಮಿನ ನಾಣ್ಯಗಳೇ ಇದಕ್ಕೆ ಸಾಕ್ಷಿ.