ಉಣಿಸುವ ಬೆಳಕು, ತಿಳಿಸುವ ಬೆಳಕು

ರಾಮನಗರ ಸೀಮೆಯ ರೇಷ್ಮೆ ಕಸುಬಿಗೆ ಬೆಳಕನ್ನು ಅಳೆದು ಕೊಡುವುದು ಹೊಸದಲ್ಲ. ಮೊಟ್ಟೆಯಲ್ಲಿ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡೊಡನೆ ಮೊಟ್ಟೆ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಸುಮಾರು ಎರಡು ದಿನ ಕತ್ತಲಲ್ಲಿಡುತ್ತಾರೆ. ಚಾಕಿ ಕಟ್ಟುವ, ಅಂದರೆ ಮರಿಹುಳುಗಳನ್ನು ಸೊಪ್ಪಿಗೆ ಬಿಡುವ ದಿನ ಬೆಳಗ್ಗೆ ಬೆಳಕಿಗೆ ತೆರೆದರೆ ಹುಳುಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಮೊಟ್ಟೆಗೆ ಕಾವು ಕೊಡುವಾಗಿನ ಬೆಳಕು ಮತ್ತು ಉಷ್ಣತೆ ಮುಂದಿನ ಪೀಳಿಗೆಯ ಮೊಟ್ಟೆ ಬೇಗ ಒಡೆಯಬೇಕೋ ಸುಪ್ತವಾಗಿರಬೇಕೋ ಎಂಬುದನ್ನು ನಿರ್ಧರಿಸುತ್ತವೆಂದು ಜಪಾನಿನ ಕೊಗುರೆ 1933ರಲ್ಲಿ ತೋರಿಸಿದರು. ಇಲ್ಲೆಲ್ಲ ಬೆಳಕು ಆಹಾರವಲ್ಲ, ಸೂಚನೆ. ಕೋಣೆಯೊಳಗೆ ಗಿಡ ಬೆಳೆಸಲು ದೀಪ ಆಯ್ದುಕೊಳ್ಳುವವರು ಮೊದಲು ಹಿಡಿಯಬೇಕಾದ ಭೇದ ಇದೇ. ಬಣ್ಣದ ಚರ್ಚೆ ಆಮೇಲಿನದು.

ಆದರೆ ವಿಜ್ಞಾನ ಬಣ್ಣದಿಂದಲೇ ಶುರುವಾಯಿತು. 1882ರಲ್ಲಿ ಜರ್ಮನಿಯ ಎಂಗೆಲ್‌ಮನ್ ಪಾಚಿಯ ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಹಾಯಿಸಿದಾಗ, ಆಮ್ಲಜನಕ ಅರಸುವ ಬ್ಯಾಕ್ಟೀರಿಯಾಗಳು ಕೆಂಪು, ನೀಲಿ ಬಿದ್ದಲ್ಲಿ ಗುಂಪುಗೂಡಿದವು. ಇನ್ನೊಂದು ದಾರಿಯನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತೆರೆದರು: ತಂಬಾಕು ಹೂ ಬಿಡುವುದು ಹಗಲಿನ ಉದ್ದ ನೋಡಿಕೊಂಡು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಸಂಶೋಧಕರು ಲೆಟ್ಯೂಸ್ ಬೀಜವನ್ನು ಕೆಂಪು ಬೆಳಕು ಮೊಳೆಯಿಸುತ್ತದೆ, ಕೆಂಪಿನ ಅಂಚಿನಾಚೆಯ ದೂರಗೆಂಪು ತಡೆಯುತ್ತದೆ ಎಂದು ಕಂಡರು. 1991ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಕೆಂಪು ಎಲ್‌ಇಡಿಯಡಿ ಲೆಟ್ಯೂಸ್ ಬೆಳೆಯಿತು. ಎರಡು ವರ್ಷದಲ್ಲಿ ಜಪಾನಿನ ನಕಮುರಾ ಪ್ರಖರ ನೀಲಿ ಎಲ್‌ಇಡಿ ತಂದರು. ಅಲ್ಲಿಂದ ಕೆಂಪು, ನೀಲಿ ಬೆರೆತ ನೇರಳೆ ದೀಪಗಳ ಕಾಲ. ಎಲೆಯಿಂದ ಕರಗಿಸಿ ತೆಗೆದ ಪತ್ರಹರಿತ್ತು ಕೆಂಪು, ನೀಲಿಯನ್ನೇ ಹೆಚ್ಚು ಹೀರುತ್ತದೆ, ಆದ್ದರಿಂದ ಗಿಡಕ್ಕೆ ಅವೆರಡೇ ಸಾಕು ಎಂಬ ವಾದ ಅದರ ಬೆನ್ನಿಗಿತ್ತು. ಇಡೀ ಎಲೆಯ ಕಥೆ ಬೇರೆ. ಸಂಶೋಧಕ ಮೆಕ್‌ಕ್ರೀ 1972ರಲ್ಲೇ 22 ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸಿರು ಬೆಳಕೂ ಗಣನೀಯವಾಗಿ ಆಹಾರ ತಯಾರಿಸುತ್ತದೆಂದು ತೋರಿಸಿದ್ದರು. ಈಗ ಬಿಳಿ ಎಲ್‌ಇಡಿ ಮರಳಿ ಬಂದಿರುವುದು ನ್ಯಾಯವೇ. ಆ ಬೆಳಕಿನಲ್ಲಿ ಎಲೆಯ ರೋಗವೂ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ಆಹಾರದ ಮಟ್ಟಿಗೆ ಬಣ್ಣಕ್ಕಿಂತ ಪ್ರಮಾಣವೇ ದೊಡ್ಡದು. ದಿನವಿಡೀ ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಕಣಗಳನ್ನು ಮೋಲ್ ಲೆಕ್ಕದಲ್ಲಿ ಎಣಿಸುತ್ತಾರೆ. ಚನ್ನಪಟ್ಟಣ, ಕನಕಪುರದ ಬಯಲಿಗೆ ಇದು ವರ್ಷದ ಸರಾಸರಿಯಲ್ಲಿ ಸುಮಾರು 40. ಲೆಟ್ಯೂಸ್‌ಗೆ 14 ಇದ್ದರೆ ಆಯಿತು. ಒಂದು ಜೂಲ್ ವಿದ್ಯುತ್ತಿಗೆ 3 ಮೈಕ್ರೊಮೋಲ್ ಕೊಡುವ ಒಳ್ಳೆಯ ದೀಪವಿದ್ದರೂ ಆ 14ಕ್ಕೆ ಚದರ ಮೀಟರಿಗೆ ದಿನಕ್ಕೆ 1.3 ಯೂನಿಟ್ ಬೇಕು. ಬಯಲಿನ ಬೆಳಕನ್ನು ಪೂರ್ತಿಯಾಗಿ ದೀಪದಿಂದ ಕೊಡಹೊರಟರೆ ಎಕರೆಗೆ ದಿನಕ್ಕೆ ಸುಮಾರು 15,000 ಯೂನಿಟ್! ಹಿಪ್ಪುನೇರಳೆಯಾಗಲಿ ರಾಗಿಯಾಗಲಿ ಈ ಖರ್ಚು ಹೊರಲಾರವು. ತಾರಸಿಯ ಸೌರ ವಿದ್ಯುತ್ ಇದೆಯಲ್ಲ ಎನ್ನಬಹುದು. ಫಲಕದ ಒಂದು ಚದರ ಮೀಟರ್ ದಿನಕ್ಕೆ ಕೊಡುವುದು ಸುಮಾರು ಒಂದು ಯೂನಿಟ್. ಅಂದರೆ ಸೊಪ್ಪಿನ ಮಡಿಗಿಂತ ಫಲಕವೇ ಹೆಚ್ಚು ಜಾಗ ಹಿಡಿಯುತ್ತದೆ, ಅದೇ ಬಿಸಿಲು ನೇರ ಎಲೆಗೆ ಬೀಳಬಹುದಾಗಿದ್ದಾಗ. ಬೆಂಗಳೂರಿನ ಪೇಟೆಗೆ ಕೀಟನಾಶಕವಿಲ್ಲದ ಸೊಪ್ಪು ಬೇಕು ಎಂಬ ಮಾತು ತೂಕದ್ದು. ಆದರೆ ಕೀಟವನ್ನು ತಡೆಯುವುದು ಗೋಡೆ ಮತ್ತು ಬಲೆ, ದೀಪವಲ್ಲ. ಆ ಕೆಲಸವನ್ನು ಬಲೆ ಕಟ್ಟಿದ ಪಾಲಿಹೌಸ್ ಬಹುಮಟ್ಟಿಗೆ ಮಾಡುತ್ತದೆ.

ದೀಪಕ್ಕೆ ಇಲ್ಲಿ ಜಾಗವಿಲ್ಲವೆಂದಲ್ಲ. ಬೆಳಕು ಸೂಚನೆಯಾಗುವಲ್ಲಿ ಅದು ಕಾಸಿಗೆ ತಕ್ಕ ಕೆಲಸ ಮಾಡುತ್ತದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ದೀರ್ಘ ರಾತ್ರಿಯನ್ನು ಮುರಿದು ಮೊಗ್ಗನ್ನು ತಡೆಯಲು, ಗಿಡ ಬೆಳೆಯುವಷ್ಟು ಕಾಲ. ಅದಕ್ಕೆ ಬೇಕಾದ ಬೆಳಕು ಬಿಸಿಲಿನ ಸಾವಿರದಲ್ಲೊಂದು ಪಾಲಿನಷ್ಟು. ಅಂಗಾಂಶ ಕೃಷಿಯ ಬಾಳೆ ಸಸಿಯೂ ಹೀಗೆಯೇ: ಸೀಸೆಯೊಳಗೆ ಅದನ್ನು ಉಣಿಸುವುದು ಹೆಚ್ಚಾಗಿ ಮಾಧ್ಯಮದ ಸಕ್ಕರೆ, ಮಂದ ಬೆಳಕು ಅದಕ್ಕೆ ರೂಪ ಕೊಡುತ್ತದೆ. ಮಾಗಡಿಯಲ್ಲೋ ರಾಮನಗರದಲ್ಲೋ ಸಸಿಮನೆಗೆ ದೀಪ ಕೊಳ್ಳುವವರು ಡಬ್ಬಿಯ ಮೇಲಿನ ವ್ಯಾಟ್ ಮತ್ತು ಬಣ್ಣ ನೋಡಿ ನಿಲ್ಲಬಾರದು. ಲಕ್ಸ್ ಲೆಕ್ಕವೂ ಸಾಲದು, ಅದು ಮನುಷ್ಯನ ಕಣ್ಣಿನ ಅಳತೆ. ಪ್ರತಿ ಜೂಲಿಗೆ ಎಷ್ಟು ಮೈಕ್ರೊಮೋಲ್ ಎಂಬುದನ್ನು ಅಂಗಡಿಯವರಿಂದ ಕೇಳಿ ಪಡೆಯಬೇಕು, ಅದನ್ನು ಹೇಳದ ದೀಪವನ್ನು ಅಲ್ಲೇ ಬಿಡಬೇಕು.